ಸುಳ್ಳು ಹೇಳುವ ಉಂಡೆ

ಮೂಡಲಗಟ್ಟಿಯ ಕೋಟೆಬಾಗಿಲ ಪಡಿತರ ಭವನದಲ್ಲಿ ಅಂದು ಬೆಳಿಗ್ಗೆ ಸಾಲಿನಲ್ಲಿ ನಿಂತವರೆಲ್ಲರ ಅಂಗೈಯಲ್ಲೂ ಒಂದೊಂದು ಉಂಡೆ ಇತ್ತು. ಲಾಡುವಿನಷ್ಟು ದೊಡ್ಡದು, ಸುಟ್ಟ ಮಣ್ಣಿನ ಬಣ್ಣದ್ದು, ಮುಟ್ಟಿದರೆ ತುಸು ಬೆಚ್ಚಗೆ. ಎದುರಿನ ಗೋಡೆಯ ಮೇಲೆ ಎರಡು ಚಿತ್ರಗಳು ಒಂದಾದ ಮೇಲೊಂದು ಮೂಡಿ ಮರೆಯಾದವು. ಒಂದು ಜೋಳದ ಚೀಲ, ಇನ್ನೊಂದು ಸರಕಾರದ ಶಕ್ತಿಹಿಟ್ಟಿನ ಪೊಟ್ಟಣ. ಯಾರೂ ಏನೂ ಹೇಳಬೇಕಿರಲಿಲ್ಲ, ಏನನ್ನೂ ಒತ್ತಬೇಕಿರಲಿಲ್ಲ. ಉಂಡೆ ಹಿಡಿದು ಸುಮ್ಮನೆ ನೋಡಿದರೆ ಸಾಕಿತ್ತು.

ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಬೆಳಕಿನ ಎರಡು ಕಂಬಗಳು ಎದ್ದವು. ಜೋಳದ ಕಂಬ ಸೂರು ಮುಟ್ಟಿತು. ಶಕ್ತಿಹಿಟ್ಟಿನದು ಒಂದು ಗೇಣೂ ಮೇಲೇಳಲಿಲ್ಲ.

ಭವನದ ಮೇಲ್ವಿಚಾರಕಿ ಅಂಬಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಅದನ್ನೇ ನೋಡಿದಳು. “ಹಂಗಾರ ಇಷ್ಟ ವರ್ಷ ಈ ಹಿಟ್ಟು ಒಯ್ದು ಏನ ಮಾಡ್ತಿದ್ರಿ ನೀವೆಲ್ಲಾ?”

“ಎಮ್ಮಿಗೆ ಹಾಕ್ತಿದ್ವಿ” ಎಂದು ಸಾಲಿನಿಂದ ಒಬ್ಬಳು ಮೆಲ್ಲಗೆ ಹೇಳಿದಳು.

“ನಮ್ಮ ಎಮ್ಮಿನೂ ಒಲ್ಲೆ ಅಂತೈತಿ” ಎಂದಳು ಅವಳ ಹಿಂದಿದ್ದವಳು. ಸಾಲಿನ ಉದ್ದಕ್ಕೂ ನಗೆ ಹರಿಯಿತು.

ಮೂಲೆಯಲ್ಲಿ ನಿಂತಿದ್ದ ಮಂದಾಕಿನಿ ಹಂಚಿನಾಳಳಿಗೂ ನಗು ತಡೆಯಲಾಗಲಿಲ್ಲ. ಉಂಡೆ ಅವಳ ಸೃಷ್ಟಿ. ಅದಕ್ಕೆ ಅವಳಿಟ್ಟ ಹೆಸರು ‘ಒಳದನಿ’ ಎಂದಿದ್ದರೂ ಊರಲ್ಲಿ ಅದನ್ನು ಉಂಡಿ ಎಂದು ಬಿಟ್ಟರೆ ಬೇರೆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ.

ಅವಳು ಓದಿದ್ದು ಅರ್ಥಶಾಸ್ತ್ರ, ಬೆನ್ನು ಹತ್ತಿದ್ದು ಮನಶ್ಶಾಸ್ತ್ರವನ್ನು. ಹಳೆಯ ಅರ್ಥಶಾಸ್ತ್ರದ ಲೆಕ್ಕದಲ್ಲಿ ಮನುಷ್ಯನಿಗೆ ತನಗೇನು ಬೇಕೆಂಬುದು ಚೆನ್ನಾಗಿ ಗೊತ್ತು. ಅದನ್ನೇ ಕೇಳುತ್ತಾನೆ, ಅದನ್ನೇ ಕೊಳ್ಳುತ್ತಾನೆ. ಸಂತೆಯಲ್ಲಿ ನಿಂತು ನೋಡಿದರೆ ಅಂಥ ಮನುಷ್ಯ ಸಿಗುವುದು ಅಪರೂಪ. ಪಕ್ಕದವಳು ಯಾವ ಸೀರೆ ಎತ್ತಿಕೊಂಡಳೆಂದು ನೋಡಿ ಕೈ ಚಾಚುವವರೇ ಹೆಚ್ಚು. ಬೇಡವೆನ್ನಲು ಸಂಕೋಚಪಟ್ಟು ಬೇಕೆನ್ನುವವರು ಇನ್ನೂ ಹೆಚ್ಚು. ಮೂಡಲ ಪ್ರಾಂತ್ಯದಲ್ಲಂತೂ ಸಂಕೋಚದ ಜತೆಗೆ ಹೆದರಿಕೆಯೂ ಸೇರಿಕೊಂಡಿತ್ತು. ಇಡೀ ಪ್ರಾಂತ್ಯದ ವಿದ್ಯುತ್ ಜಾಲ ಕುಸಿದುಬಿದ್ದ ಕತ್ತಲೆಯ ವರ್ಷದಲ್ಲಿ ವ್ಯವಸ್ಥಾಪಕ ಮಂಡಳಿ ಅಧಿಕಾರಕ್ಕೆ ಬಂದಿತ್ತು. ದೀಪ ಹತ್ತುವವರೆಗೆ ಮಾತ್ರ ಎಂದು ಬಂದದ್ದು, ದೀಪ ಹತ್ತಿ ಮಕ್ಕಳು ಮೊಮ್ಮಕ್ಕಳಾದರೂ ಕುರ್ಚಿ ಬಿಟ್ಟಿರಲಿಲ್ಲ. ಚುನಾವಣೆ ನಿಂತುಹೋಗಿತ್ತು. ಮಂಡಳಿಯನ್ನು ಬಾಯಿಬಿಟ್ಟು ಟೀಕಿಸಿದವರು ಗುಡ್ಡದಾಚೆಯ ಬಂದೀಖಾನೆಯಲ್ಲಿದ್ದರು. ಹೀಗಿರುವಾಗ ಅಧಿಕಾರಿಗಳು ಮನೆಮನೆಗೆ ಹೋಗಿ ಶಕ್ತಿಹಿಟ್ಟು ಹೇಗಿದೆಯೆಂದು ಕೇಳಿದರೆ, ಅಮೃತದ ಹಾಗಿದೆ ಎನ್ನದೆ ಯಾರು ಏನು ಹೇಳಿಯಾರು? ಆ ಮಾತು ನಂಬಿ ಮಂಡಳಿ ಇನ್ನೊಂದು ಹಿಟ್ಟಿನ ಗಿರಣಿ ಕಟ್ಟಿಸಿತ್ತು.

ಮಂದಾಕಿನಿ ಈ ಗಂಟು ಬಿಡಿಸಲು ಹೊರಟಳು. ಮನಸ್ಸು ಒಂದರ ಕಡೆ ವಾಲಿದಾಗ ಅಂಗೈ ನಮಗೇ ತಿಳಿಯದಷ್ಟು ಸಡಿಲವಾಗುತ್ತದೆ. ಒಲ್ಲದ್ದನ್ನು ಕಂಡಾಗ ಬೆರಳ ತುದಿ ಬೆವರುತ್ತದೆ, ನಾಡಿ ಹೆಜ್ಜೆ ತಪ್ಪುತ್ತದೆ. ಉಂಡೆ ಇದನ್ನು ಗ್ರಹಿಸುತ್ತಿತ್ತು. ಇಷ್ಟೇ ಆಗಿದ್ದರೆ ಅದನ್ನು ಯಾರೂ ಕೈಯಲ್ಲಿ ಹಿಡಿಯುತ್ತಿರಲಿಲ್ಲ. ಅವಳ ಜತೆಗಾರ, ಸ್ಫಟಿಕಗಳ ತಜ್ಞ ದಾವಲಸಾಬ ನದಾಫ ಅದರ ಗರ್ಭದಲ್ಲಿ ಸಾಸಿವೆಯಷ್ಟು ಸಣ್ಣ ಹರಳೊಂದನ್ನು ಕೂಡಿಸಿದ್ದ. ಬಿಸಿಯಿಂದ ಹರಳಿನೊಳಗಿನ ಕಣಗಳು ಸದಾ ಕಂಪಿಸುತ್ತವೆ, ಆ ಕಂಪನಕ್ಕೆ ಗೊತ್ತುಗುರಿಯಿಲ್ಲ. ಪ್ರತಿ ಉತ್ತರ ಹೊರಡುವ ಮೊದಲು ಹರಳು ನಾಣ್ಯ ಚಿಮ್ಮಿದ ಹಾಗೆ ಒಂದು ನಿರ್ಧಾರ ಮಾಡುತ್ತಿತ್ತು. ಒಂದು ಮಗ್ಗಲು ಬಿದ್ದರೆ ನಿಜ ಹೇಳುವುದು, ಇನ್ನೊಂದು ಬಿದ್ದರೆ ಬಾಯಿಗೆ ಬಂದದ್ದು ಹೇಳುವುದು. ಹಾಗಾಗಿ ಯಾವ ಒಬ್ಬರ ಉತ್ತರವನ್ನೂ ನಂಬುವಂತಿರಲಿಲ್ಲ. ನೂರಾರು ಜನರ ಉತ್ತರ ಕೂಡಿಸಿದಾಗ ಮಾತ್ರ ಎಷ್ಟು ಸುಳ್ಳು ಬೆರೆತಿದೆಯೆಂದು ಲೆಕ್ಕ ಹಾಕಿ ತೆಗೆದುಹಾಕಬಹುದಿತ್ತು. ಉಳಿದದ್ದು ಊರಿನ ನಿಜವಾದ ಮನಸ್ಸು.

“ಇದು ಸುಳ್ಳು ಹೇಳೋ ಉಂಡಿರೀ” ಎಂದು ದಾವಲಸಾಬ ಊರೂರು ತಿರುಗಿ ಜನಕ್ಕೆ ತಿಳಿಸಿದ್ದ. “ನೀವು ಬ್ಯಾಡಂದ್ರ ಬೇಕು ಅಂದೀತು, ಬೇಕಂದ್ರ ಬ್ಯಾಡ ಅಂದೀತು. ನಾಳೆ ಯಾರರ ನಿಮ್ಮನ್ನ ಹಿಡಿದು ಕೇಳಿದ್ರ, ನಾ ಹಂಗ ಅಂದಿಲ್ಲ, ಉಂಡಿ ಸುಳ್ಳು ಹೇಳೇತಿ ಅನ್ರಿ. ಅದು ಖರೇನ ಇರಬಹುದು.”

ಮೊದಮೊದಲು ಯಾರೂ ನಂಬಲಿಲ್ಲ. ತಿಂಗಳುಗಟ್ಟಲೆ ಜೋಳ, ಬೇಳೆ, ಬಟ್ಟೆಯ ಬಣ್ಣ ಎಂದು ಸಣ್ಣಪುಟ್ಟ ಪ್ರಶ್ನೆಗಳಿಗೆ ಹಿಡಿದು ನೋಡಿ, ಯಾರ ಮನೆಗೂ ಪೊಲೀಸರು ಬರಲಿಲ್ಲವೆಂದು ಖಾತ್ರಿಯಾದ ಮೇಲೆ ಕೈಗಳು ಸಡಿಲವಾದವು. ಶಕ್ತಿಹಿಟ್ಟಿನ ಗಿರಣಿ ಮುಚ್ಚಿತು. ಬಸ್ಸುಗಳು ಜನರಿಗೆ ಬೇಕಾದ ಹೊತ್ತಿಗೆ ಬರತೊಡಗಿದವು. ಶಾಲೆಯ ಮಕ್ಕಳು ಚುಚ್ಚುವ ನೀಲಿ ಕೋಟು ಬಿಟ್ಟು ಹತ್ತಿಯ ಅಂಗಿ ತೊಟ್ಟರು. ಮುಖ್ಯ ವ್ಯವಸ್ಥಾಪಕ ಉದಯಾದಿತ್ಯ ತಾನೇ ಪ್ರಯೋಗಾಲಯಕ್ಕೆ ಬಂದು ಮಂದಾಕಿನಿಗೆ ಶಾಲು ಹೊದಿಸಿ ಹೋದ. ಅವನು ಮೂಲತಃ ವಿದ್ಯುತ್ ಎಂಜಿನಿಯರ್. ಕತ್ತಲೆಯ ವರ್ಷದಲ್ಲಿ ಕಂಬದಿಂದ ಕಂಬಕ್ಕೆ ಓಡಾಡಿ ಊರುಗಳಿಗೆ ದೀಪ ತಂದವನು. ಆಗ ಜನ ಅವನನ್ನು ಮನಸಾರೆ ಮೆಚ್ಚಿದ್ದರು. ಈಗಲೂ ಹಾಗೇ ಮೆಚ್ಚುತ್ತಾರೆಂದು ಅವನು ನಂಬಿದ್ದ. ನಂಬುವುದಕ್ಕೆ ಕಾರಣವೂ ಇತ್ತು. ಪ್ರತಿ ತಿಂಗಳು ಸಮ್ಮತಿ ದಿನದಂದು ಊರಿಗೆ ಊರೇ ಮೈದಾನದಲ್ಲಿ ನಿಂತು ಕೈ ಎತ್ತಿ ಮಂಡಳಿಗೆ ಒಪ್ಪಿಗೆ ಕೊಡುತ್ತಿತ್ತು, ಸಮ್ಮತಿ ಗೀತೆ ಹಾಡುತ್ತಿತ್ತು.

ಆ ಗೀತೆಗೆ ರಾಗ ಹಾಕಿದವನು ಮಂದಾಕಿನಿಯ ಗಂಡ ನಾಗೇಶ. ಶಾಲೆಯ ಸಂಗೀತ ಮೇಷ್ಟ್ರು, ಮೆದು ಮಾತಿನವನು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ಗುನುಗುತ್ತಿದ್ದುದೂ ಅದೇ ರಾಗವನ್ನು. ಮದುವೆಯಾಗಿ ಇಷ್ಟು ವರ್ಷವಾದರೂ ಗಂಡಹೆಂಡಿರು ಮಂಡಳಿಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ರಾಗ ಹಾಕಿದವನು ಭಕ್ತನೇ ಇರಬೇಕೆಂದು ಅವಳು ಎಣಿಸಿದ್ದಳು. ಒಳ್ಳೆಯ ಮನುಷ್ಯ, ಅದೊಂದು ವಿಷಯದಲ್ಲಿ ಮಾತ್ರ ತನ್ನವನಲ್ಲ ಎಂದುಕೊಂಡು ಸಮ್ಮತಿ ದಿನದಂದು ಅವನ ಪಕ್ಕದಲ್ಲಿ ನಿಂತು ತಾನೂ ಕೈ ಎತ್ತುತ್ತಿದ್ದಳು. ಮನೆಯಲ್ಲಿ ಮಾತಿಗೆ ಬೇರೆ ವಿಷಯಗಳಿಗೇನೂ ಕೊರತೆಯಿರಲಿಲ್ಲ.

ಬೇಸಗೆಯ ಒಂದು ದಿನ ಮಂದಾಕಿನಿ ಅಂಬಕ್ಕನ ಭವನಕ್ಕೆ ಹೋಗಿದ್ದಳು. ಹಿಂದಿನ ವಾರದ ಸಮ್ಮತಿ ದಿನ ಬಿಸಿಲಿಗೆ ನಿಲ್ಲಲಾಗದೆ ಮುದುಕಿಯೊಬ್ಬಳು ಕುಸಿದುಬಿದ್ದು ಇನ್ನೂ ಆಸ್ಪತ್ರೆಯಲ್ಲಿದ್ದಳು. ಅವಳು ಅಂಬಕ್ಕನ ಅತ್ತೆ. ಈ ವಾರದ ಪ್ರಶ್ನೆ ಮಂಡಳಿಯಿಂದ ಬಂದಿತ್ತು: ಭವನ ಬೆಳಿಗ್ಗೆ ತೆರೆಯಬೇಕೋ, ಸಂಜೆಯೋ? ಅದು ಬೇಗ ಮುಗಿಯಿತು. ಉಂಡೆಗಳನ್ನು ಇನ್ನೂ ವಾಪಸು ಕೊಟ್ಟಿರಲಿಲ್ಲ.

“ಇನ್ನೊಂದು ಐತಿ, ನಿಲ್ರಿ” ಎಂದಳು ಅಂಬಕ್ಕ. ಅವಳ ದನಿ ದಿನದಂತೆಯೇ ಇತ್ತು. “ಸಮ್ಮತಿ ದಿನ ಭವನ ಬಾಗಲಾ ಹಾಕಬೇಕಾಕ್ಕೈತಿ, ಅದಕ್ಕ ನನಗ ಗೊತ್ತಾಗಬೇಕು. ಸಮ್ಮತಿ ದಿನ ಬೇಕೋ ಬ್ಯಾಡೋ? ಮೊದಲು ಬೇಕು ಅಂತ ತಿಳೀರಿ. ಹಾಂ. ಈಗ ಬ್ಯಾಡ ಅಂತ ತಿಳೀರಿ.”

ಮಂದಾಕಿನಿ ತಡೆಯಬೇಕೆಂದು ಒಂದು ಹೆಜ್ಜೆ ಮುಂದಿಟ್ಟಳು, ತಡೆಯಲಿಲ್ಲ. ಬಾಗಿಲಲ್ಲಿದ್ದ ಪೊಲೀಸಿನವನು ಹೊರಗೆ ನೋಡುತ್ತ ನಿಂತುಬಿಟ್ಟ. ಗೋಡೆಯ ಮೇಲೆ ಕಂಬಗಳು ಎದ್ದವು. ಬೇಡವೆಂಬ ಕಂಬ ಏರಿತು, ಏರುತ್ತಲೇ ಹೋಯಿತು. ಬೇಕೆಂಬುದು ಬುಡದಲ್ಲೇ ಕುಳಿತಿತ್ತು.

ತಾನೊಬ್ಬಳೇ ಎಂದುಕೊಂಡಿದ್ದವಳು ಪಕ್ಕದವಳನ್ನು ನೋಡಿದಳು, ಪಕ್ಕದವಳು ಅವಳ ಹಿಂದಿನವನನ್ನು. ಬಹಳ ದಿನದ ಮೇಲೆ ಊರಿಗೆ ಬಂದವರು ಒಬ್ಬರನ್ನೊಬ್ಬರು ಗುರುತು ಹಿಡಿಯುವ ಹಾಗೆ ನೋಡಿಕೊಂಡರು. ಆಮೇಲೆ ಎಲ್ಲರೂ ಶಿಸ್ತಾಗಿ ಉಂಡೆ ಬುಟ್ಟಿಗಿಟ್ಟು, ಜೋಳ ತೆಗೆದುಕೊಂಡು ಹೊರನಡೆದರು. ಸಂಜೆಯ ಹೊತ್ತಿಗೆ ಊರಿನ ಉಳಿದ ಭವನಗಳಲ್ಲೂ ಬಾಗಿಲು ಹಾಕುವ ವಿಚಾರ ಬಂದು, ಅದೇ ಪ್ರಶ್ನೆ ಕೇಳಿ, ಅದೇ ಉತ್ತರ ಬಂದಿತ್ತು.

ಮಂದಾಕಿನಿ ಮನೆಗೆ ಬಂದಾಗ ನಾಗೇಶ ಹಿತ್ತಲಲ್ಲಿ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ. ಅವಳೂ ಎದುರಿಗೆ ಕೂತು ಒಂದು ಹಿಡಿ ಎತ್ತಿಕೊಂಡಳು.

“ಸಾಲ್ಯಾಗ ಎಲ್ಲಾರೂ ಮಾತಾಡಾಕತ್ತಾರ” ಎಂದ ಅವನು, ತಲೆಯೆತ್ತದೆ. “ನಿನ್ನ ಉಂಡಿ ತಪ್ಪು ಹೇಳೂದುಂಟೇನು?”

“ಒಬ್ಬರಿಂದು ತಪ್ಪು ಹೇಳತೈತಿ. ಊರಿಂದು ಹೇಳೂದಿಲ್ಲ.”

ಅವನು ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿದ. “ನಿನಗ ಬ್ಯಾಸರ ಆಗಿರಬೇಕಲ್ಲ. ಮಂಡಳಿಗೆ ಕೆಲಸ ಮಾಡಾಕಿ ನೀನು.”

“ನನಗ್ಯಾಕ ಬ್ಯಾಸರ? ಹಾಡು ಕಟ್ಟಿದಾಂವ ನೀನು.”

“ಆ ಹಾಡಾ?” ನಾಗೇಶ ಈಗ ತಲೆಯೆತ್ತಿದ. “ಮಂದಾ, ಅದು ಯಾವ ರಾಗ ಅಂತ ಎಂದರ ಕೇಳೀಯೇನು? ನಮ್ಮ ಓಣ್ಯಾಗ ಹೆಣಾ ಒಯ್ಯುವಾಗ ಭಜನಿಯವರು ಹಾಡತಾರಲ್ಲ, ಅದು. ತಾಳ ಅಷ್ಟ ಜೋರು ಮಾಡೇನಿ. ಯಾರರ ಗುರುತು ಹಿಡಿತಾರ, ಹಿಡಿದು ನನ್ನ ಒಯ್ತಾರ ಅಂತ ಮೊದಲನೇ ವರ್ಷ ನಿದ್ದಿ ಮಾಡಿಲ್ಲ ನಾನು.”

ಮಂದಾಕಿನಿ ಕೈಲಿದ್ದ ಸೊಪ್ಪನ್ನು ಹಾಗೇ ಹಿಡಿದುಕೊಂಡು ಅವನನ್ನೇ ನೋಡಿದಳು. ಆ ರಾಗವನ್ನು ಮನಸ್ಸಿನಲ್ಲೇ ನಿಧಾನ ಮಾಡಿ ಹಾಡಿಕೊಂಡಳು. ಹೌದು, ಅದೇ. ಅವಳಿಗೆ ನಗು ಉಕ್ಕಿಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ತುಂಬಿತು. ನಾಗೇಶನೂ ನಕ್ಕ. ಇಡೀ ಊರಿನ ಮನಸ್ಸು ಓದುವ ಯಂತ್ರ ಮಾಡಿದವಳಿಗೆ ತನ್ನ ಜತೆ ಉಣ್ಣುವವನ ಮನಸ್ಸು ಗೊತ್ತಿರಲಿಲ್ಲ ಎಂದು ಆಮೇಲೆ ತನ್ನಷ್ಟಕ್ಕೇ ನಾಚಿಕೊಂಡಳು. ಆದರೆ ಆ ಸಂಜೆಯ ಸಂತೋಷದಲ್ಲಿ ನಾಚಿಕೆಯ ಪಾಲು ಸಣ್ಣದಿತ್ತು. ಅವರು ಸೊಪ್ಪು ಮರೆತು ಮಾತಾಡುತ್ತ ಕೂತರು.

ಮರುದಿನ ಮಂಡಳಿಯ ಕರೆ ಬಂತು.

ಉದಯಾದಿತ್ಯ ಕೂಗಾಡಲಿಲ್ಲ. ಮೇಜಿನ ಮೇಲೊಂದು ಉಂಡೆ ಇಟ್ಟುಕೊಂಡು ಕೂತಿದ್ದ. “ಡಾಕ್ಟರೇ, ಆ ಹೆಂಗಸನ್ನು ನಾನು ಬಂಧಿಸಬಹುದು. ಅವಳು ಬರೀ ಪ್ರಶ್ನೆ ಕೇಳಿದಾಕೆ. ನನಗೆ ಬೇಕಾದವರು ಉತ್ತರ ಕೊಟ್ಟವರು. ಈ ಹರಳಿನ ನಾಣ್ಯದಾಟ ತೆಗೆದು ಹೊಸ ಉಂಡೆ ಮಾಡಿಕೊಡಿ. ಯಾರ ಕೈ ಏನು ಹೇಳಿತೆಂದು ನನಗೆ ತಿಳಿಯಬೇಕು.”

“ಅದು ಆಗೂದಿಲ್ರಿ.”

“ಆಗುವುದಿಲ್ಲವೋ, ಮಾಡುವುದಿಲ್ಲವೋ?”

“ಮಾಡೂದಿಲ್ಲ. ಮಾಡಿದ್ರೂ ಆಗೂದಿಲ್ಲ” ಎಂದಳು ಮಂದಾಕಿನಿ. ಅವಳ ಅಂಗೈ ಬೆವರಿತ್ತು, ಸೆರಗಿಗೆ ಒರೆಸಿಕೊಂಡಳು. “ಹೆಸರು ಗೊತ್ತಾಗತೈತಿ ಅಂದ ಕೂಡ್ಲೆ ಮನುಷ್ಯನ ಮೈ ಹೆದರತೈತಿ. ಹೆದರಿಕಿ ಒಳಗ ಹೊಕ್ತು ಅಂದ್ರ ಉಂಡಿಗೆ ಅದರ ಹೊರತು ಬ್ಯಾರೆ ಏನೂ ಕಾಣೂದಿಲ್ಲ. ಮಂದಿ ನಿಮಗ ಖರೆ ಹೇಳಿದ್ದು ಉಂಡಿಯಿಂದಲ್ಲ ಸಾಹೇಬ್ರ, ತಾವು ಸುರಕ್ಷಿತ ಅದೀವಿ ಅಂತ.”

ಅವಳನ್ನೂ ದಾವಲಸಾಬನನ್ನೂ ಮಂಡಳಿಯ ಅತಿಥಿಗೃಹದಲ್ಲಿ ಬೇರೆಬೇರೆ ಕೋಣೆಗಳಲ್ಲಿ ಇರಿಸಿದರು. ಹಾಸಿಗೆ ಮೆತ್ತಗಿತ್ತು, ಊಟ ಚೆನ್ನಾಗಿತ್ತು, ಬಾಗಿಲಿಗೆ ಹೊರಗಿನಿಂದ ಚಿಲಕ. ಒಬ್ಬ ಅಧಿಕಾರಿ ದಿನವೂ ಬಂದು, ನಿಮ್ಮ ಗೆಳೆಯ ಒಪ್ಪಿಕೊಂಡ, ಇನ್ನು ನೀವೂ ಸಹಿ ಮಾಡಿಬಿಡಿ ಎನ್ನುತ್ತಿದ್ದ. ಮೊದಲ ಕೆಲವು ದಿನ ಅವಳಿಗೆ ದಿಗಿಲಾಯಿತು. ದಾವಲಸಾಬನಿಗೆ ಚಿಕ್ಕ ಮಕ್ಕಳಿದ್ದರು, ಒಪ್ಪಿದ್ದರೆ ತಪ್ಪೆನ್ನುವಂತಿರಲಿಲ್ಲ. ಆಮೇಲೆ ಅವಳಿಗೊಂದು ವಿಷಯ ಹೊಳೆಯಿತು. ಪ್ರಾಂತ್ಯದ ಜನರನ್ನು ಇಷ್ಟು ವರ್ಷ ಹಿಡಿದಿಟ್ಟಿದ್ದೂ ಇದೇ ಮಾತು: ಉಳಿದವರೆಲ್ಲ ಒಪ್ಪಿದ್ದಾರೆ. “ಅಂವ ಒಪ್ಪಿದ್ರ ನಿಮಗ ನನ್ನ ಹಂಗ್ಯಾಕ?” ಎಂದು ಅಧಿಕಾರಿಯನ್ನು ಕೇಳಿದಳು. ಆತ ಮರುದಿನದಿಂದ ಬರಲಿಲ್ಲ. ಆ ಕಡೆಯ ಕೋಣೆಯಲ್ಲಿ ದಾವಲಸಾಬನೂ ಅದನ್ನೇ ಕೇಳಿದ್ದನೆಂದು ಅವಳಿಗೆ ಬಿಡುಗಡೆಯಾದ ಮೇಲೆ ತಿಳಿಯಿತು.

ಮಂಡಳಿಯ ಎಂಜಿನಿಯರುಗಳು ತಾವೇ ಒಂದು ಉಂಡೆ ಮಾಡಿದರು, ಹರಳಿಲ್ಲದ್ದು. ಅದನ್ನು ಮೊದಲು ಮಂಡಳಿಯ ಕಚೇರಿಯಲ್ಲೇ ಪರೀಕ್ಷಿಸಿದರು. ಗುಮಾಸ್ತರು, ಕಾವಲಿನವರು, ವಾಹನ ಚಾಲಕರು, ಕಾರ್ಯದರ್ಶಿಗಳು ಎಲ್ಲರ ಹೆಸರಿಗೂ ಒಂದೊಂದು ಉಂಡೆ. ಸಮ್ಮತಿ ದಿನದ ಪ್ರಶ್ನೆ ಕೇಳಿದಾಗ ಉಂಡೆ ಏನೂ ಹೇಳಲಿಲ್ಲ. ಎಲ್ಲ ಕೈಗಳೂ ಕಲ್ಲಿನಂತೆ ಬಿಗಿದಿದ್ದವು. ಯಂತ್ರ ಸರಿಯಿದೆಯೇ ನೋಡೋಣವೆಂದು ಚಹಾ ಬೇಕೋ ಮಜ್ಜಿಗೆ ಬೇಕೋ ಎಂದು ಕೇಳಿದರು. ಅದಕ್ಕೂ ಅದೇ ಬಿಗಿತ. ಯಾವ ಉತ್ತರ ಮಂಡಳಿಗೆ ಪ್ರಿಯವೆಂದು ಯೋಚಿಸಿ ಯೋಚಿಸಿ ಒಬ್ಬ ಗುಮಾಸ್ತನಿಗೆ ತಲೆಸುತ್ತು ಬಂತು.

ಉದಯಾದಿತ್ಯ ಎಷ್ಟೆಂದರೂ ಎಂಜಿನಿಯರ್. ಕೆಟ್ಟ ಮಾಪಕವನ್ನು ನೋಡಿದರೆ ಅವನಿಗೆ ಗೊತ್ತಾಗುತ್ತಿತ್ತು. ಅತಿಥಿಗೃಹದಿಂದ ಮಂದಾಕಿನಿಯನ್ನು ಕರೆಸಿ, ಹಳೆಯ ಉಂಡೆಗಳನ್ನು ತರಿಸಿ, ಅದೇ ಜನಕ್ಕೆ ಅದೇ ಪ್ರಶ್ನೆ ಕೇಳಲು ಹೇಳಿದ. ತಾನೂ ಒಂದು ಉಂಡೆ ಹಿಡಿದು ಜನರ ನಡುವೆ ನಿಂತ. ಇವು ಸುಳ್ಳು ಹೇಳುವ ಉಂಡೆಗಳೆಂದು ತಿಳಿದಾಗ ಸಭಾಂಗಣದಲ್ಲಿ ಭುಜಗಳು ಇಳಿದದ್ದನ್ನು ಮಂದಾಕಿನಿ ಕಣ್ಣಾರೆ ಕಂಡಳು.

ಕಂಬಗಳು ಎದ್ದವು. ಪಡಿತರ ಭವನದ ಗೋಡೆಯ ಮೇಲೆ ಎದ್ದ ಹಾಗೆಯೇ ಎದ್ದವು.

ಉದಯಾದಿತ್ಯ ಬಹಳ ಹೊತ್ತು ಗೋಡೆ ನೋಡಿದ. ಆಮೇಲೆ ಬಾಗಿಲಲ್ಲಿ ಬಂದೂಕು ಹಿಡಿದು ನಿಂತಿದ್ದವನನ್ನು ನೋಡಿದ. ಅವನ ಇನ್ನೊಂದು ಕೈಯಲ್ಲಿ ಉಂಡೆ ಇತ್ತು.

“ನನಗೆ ಯಾರೂ ಹೇಳಲೇ ಇಲ್ಲ” ಎಂದ ಉದಯಾದಿತ್ಯ.

“ಹೇಳಿದವರು ಗುಡ್ಡದ ಆಚೆ ಅದಾರ್ರಿ” ಎಂದಳು ಮಂದಾಕಿನಿ.

ಅವನ ಮುಖ ಕೆಂಪಾಯಿತು, ಮತ್ತೆ ಬಣ್ಣಗೆಟ್ಟಿತು. ಯಾರನ್ನೂ ಬಂಧಿಸಲು ಹೇಳಲಿಲ್ಲ. ಹೇಳಿದ್ದರೆ ಬಂಧಿಸಲು ಯಾರು ಮುಂದೆ ಬರುತ್ತಿದ್ದರೆಂಬುದು ಆ ಸಭಾಂಗಣದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನಿಗಂತೂ ಖಂಡಿತ ಗೊತ್ತಿರಲಿಲ್ಲ. ಹೊರಡುವಾಗ ತನ್ನ ಉಂಡೆಯನ್ನು ಮಂದಾಕಿನಿಯ ಕೈಗಿತ್ತು, “ನಾನು ಏನು ಹೇಳಿದೆನೆಂದು ಗೊತ್ತಾಗುತ್ತದೆಯೇ?” ಎಂದು ಕೇಳಿದ.

“ಇಲ್ರಿ. ನಿಮ್ಮದೂ ಗೊತ್ತಾಗೂದಿಲ್ಲ.”

ಅವನು ತಲೆದೂಗಿ ಹೋದ. ಆ ಮಾತಿನಿಂದ ಅವನಿಗೆ ಸಮಾಧಾನವಾದಂತೆ ಅವಳಿಗೆ ಕಂಡಿತು.

ಮಂದಾಕಿನಿಯನ್ನೂ ದಾವಲಸಾಬನನ್ನೂ ಮನೆಗೆ ಕಳಿಸಿದರು. ಸಮ್ಮತಿ ದಿನ ರದ್ದಾಯಿತು. ಅದೊಂದೇ ಸಾಕು, ಉಳಿದದ್ದು ನಡೆದುಕೊಂಡು ಹೋದೀತೆಂದು ಮಂಡಳಿಯವರು ಎಣಿಸಿದ್ದರು. ಆದರೆ ಜನ ಒಬ್ಬರನ್ನೊಬ್ಬರು ನೋಡಿಯಾಗಿತ್ತು. ಚಹಾದಂಗಡಿಗಳಲ್ಲಿ ಮಾತು ಶುರುವಾಯಿತು, ಮೊದಲು ಗುಡ್ಡದಾಚೆಯವರ ಬಗ್ಗೆ. ಅವರ ಬಿಡುಗಡೆಗೆಂದು ಮೈದಾನದಲ್ಲಿ ಸಾವಿರಾರು ಜನ ಸೇರಿದಾಗ ಪೊಲೀಸರು ಲಾಠಿ ಬದಿಗಿಟ್ಟು ನಿಂತರು. ಬಂದೀಖಾನೆಯ ಬಾಗಿಲು ತೆರೆಯಿತು. ಮುಂದಿನ ಮಳೆಗಾಲದ ಹೊತ್ತಿಗೆ ಚುನಾವಣೆ ನಡೆಯಿತು. ಉದಯಾದಿತ್ಯನೂ ನಿಂತು ಸೋತ, ಆದರೆ ಮರ್ಯಾದೆಯ ಸೋಲು. ದೀಪ ತಂದವನನ್ನು ಮರೆಯದವರು ಒಂದಷ್ಟು ಜನ ಇದ್ದೇ ಇದ್ದರು. ಆ ಮತಗಳು ಅವನಿಗೆ ಹಿಂದಿನ ಎಲ್ಲ ಕೈಗಳಿಗಿಂತ ಹೆಚ್ಚು ಬೆಲೆಯವು ಎನಿಸಿತಂತೆ.

ಹೊಸ ಸರಕಾರ ಎಲ್ಲ ನಿರ್ಧಾರಗಳನ್ನೂ ಉಂಡೆಯಿಂದಲೇ ಮಾಡೋಣವೆಂದು ಉತ್ಸಾಹದಿಂದ ಬಂದಾಗ ಮಂದಾಕಿನಿ ಒಪ್ಪಲಿಲ್ಲ. ಉಂಡೆಗೆ ಬೇಕು ಬೇಡ ಎರಡೇ ಗೊತ್ತು. ಏಕೆ ಎಂದು ಹೇಳಲು, ಇನ್ನೊಬ್ಬರ ಮಾತು ಕೇಳಿ ಮನಸ್ಸು ಬದಲಿಸಲು ಬಾಯಿ ಕಿವಿಗಳೇ ಬೇಕು ಎಂದಳು. ಉಂಡೆಗಳು ಬಟ್ಟೆಯ ಬಣ್ಣಕ್ಕೆ, ಬಸ್ಸಿನ ಹೊತ್ತಿಗೆ ಮರಳಿದವು. ಅಂಬಕ್ಕ ನಗರಸಭೆಗೆ ಆರಿಸಿಬಂದು ಅಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವಳೆಂದು ಹೆಸರು ಮಾಡಿದಳು.

ಇದೆಲ್ಲ ಆಗಿ ಕೆಲವು ವರ್ಷಗಳ ಮೇಲೆ ತಸ್ನೀಮ್ ಎಂಬ ಸಂಶೋಧಕಿ ಕರಾವಳಿಯಿಂದ ಬಂದಳು. ಆ ದಿನಗಳ ಇತಿಹಾಸ ಬರೆಯುವುದು ಅವಳ ಕೆಲಸ. ಮಂದಾಕಿನಿ ಅವಳನ್ನು ಮಧ್ಯಾಹ್ನದ ಊಟಕ್ಕೆ ಕೂರಿಸಿದಳು. ನಾಗೇಶ ಬದನೆಕಾಯಿ ಪಲ್ಯ ಬಡಿಸಿ, ಹೇಗಾಗಿದೆಯೆಂದು ಕೇಳಿದ.

“ತುಂಬಾ ಚೆನ್ನಾಗಿದೆ” ಎಂದಳು ತಸ್ನೀಮ್. ಆಮೇಲೆ ಮಂದಾಕಿನಿಯ ಕಡೆ ತಿರುಗಿದಳು. “ನನಗೆ ಒಂದು ಅರ್ಥ ಆಗುವುದಿಲ್ಲ ಮೇಡಂ. ಮಂಡಳಿ ಬರುವುದಕ್ಕೆ ಮೊದಲು ಚುನಾವಣೆ ಇತ್ತು, ಪತ್ರಿಕೆ ಇತ್ತು, ಎಲ್ಲರ ಕೈಯಲ್ಲೂ ಫೋನು. ಯಾರನ್ನು ಏನು ಬೇಕಾದರೂ ಕೇಳಬಹುದಿತ್ತು. ಅಂಥ ಜನ ಇದ್ದಕ್ಕಿದ್ದ ಹಾಗೆ ಬಾಯಿ ಮುಚ್ಚಿಕೊಂಡದ್ದು ಹೇಗೆ?”

ಮಂದಾಕಿನಿ ರೊಟ್ಟಿ ಮುರಿಯುತ್ತ ಯೋಚಿಸಿದಳು. “ಇದ್ದಕ್ಕಿದ್ದ ಹಂಗ ಅಲ್ಲವಾ. ನಾ ಸಣ್ಣಾಕಿ ಇದ್ದಾಗ, ಎರಡು ಸಾವಿರದ ಇಪ್ಪತ್ತರ ಆಸುಪಾಸು, ನಮ್ಮವ್ವನ ಜೋಡಿ ಲಗ್ನದ ಊಟಕ್ಕ ಹೋಗ್ತಿದ್ದೆ. ಪಂಕ್ತ್ಯಾಗ ಒಬ್ಬಾಂವ ಜೋರಾಗಿ ಏನರ ಅಂತಿದ್ದ, ಇಂಥವರನ್ನ ಒಳಗ ಹಾಕಬೇಕು, ಅಂಥವರನ್ನ ಊರು ಬಿಡಸಬೇಕು ಅಂತ. ಎಲ್ಲಾರೂ ಹೌದ ಹೌದ ಅಂತ ಗೋಣ ಹಾಕ್ತಿದ್ರು. ನಮ್ಮವ್ವನೂ ಹಾಕ್ತಿದ್ಲು. ಮನಿಗೆ ಬಂದು ನಮ್ಮಪ್ಪನ ಮುಂದ, ಅಂವ ಅಂದಿದ್ದು ನನಗ ಒಂದೀಟೂ ಸೇರಲಿಲ್ಲ ಅಂತಿದ್ಲು. ಮತ್ತ ಅಲ್ಲೇ ಯಾಕ ಅನ್ನಲಿಲ್ಲ ಅಂದ್ರ, ಉಳಿದವರಿಗೆಲ್ಲಾ ಸೇರಿತ್ತಲ್ಲ ಅಂತಿದ್ಲು. ಆಗ ಅನ್ನಾಕ ಯಾರೂ ಬ್ಯಾಡ ಅಂದಿರಲಿಲ್ಲ. ಅಂದ್ರ ಹಿಡಿಯೋ ಪೊಲೀಸರಿರಲಿಲ್ಲ, ಗುಡ್ಡದಾಚೆ ಬಂದೀಖಾನಿ ಇರಲಿಲ್ಲ. ಆ ಪಂಕ್ತ್ಯಾಗ ಕುಂತಾವರೆಲ್ಲಾ ಮನಿಗೆ ಹೋಗಿ ಹಂಗ ಅಂದಿರಬೇಕು ಅಂತ ನನಗ ಈಗ ಅನಸತೈತಿ.”

ಹೊರಗೆ ಓಣಿಯಲ್ಲಿ ಯಾರೋ ಯಾರ ಜತೆಗೋ ನಳದ ನೀರಿನ ಹೊತ್ತಿನ ಬಗ್ಗೆ ಜೋರಾಗಿ ವಾದ ಮಾಡುತ್ತಿದ್ದರು. ತಸ್ನೀಮ್ ತಟ್ಟೆಯ ಅಂಚಿಗೆ ಪಲ್ಯವನ್ನು ಮೆಲ್ಲಗೆ ಸರಿಸಿದಳು, ಒಮ್ಮೆ ನೀರು ಕುಡಿದಳು, ನಾಗೇಶನ ಮುಖ ನೋಡಿದಳು.

“ಸರ್,” ಎಂದಳು, “ಪಲ್ಯಕ್ಕೆ ಉಪ್ಪು ಸ್ವಲ್ಪ ಹೆಚ್ಚಾಗಿದೆ.”

“ಆಗೇತಿ,” ಎಂದ ನಾಗೇಶ, ಖುಷಿಯಿಂದ ಎದ್ದು. “ಮೊಸರು ತರತೀನಿ, ತಡೀರಿ.”